ಕಾಣದ ಏಳನೆಯ ಚಿತ್ರ



1973ರಲ್ಲಿ ಚಿಲಿ ದೇಶದ ಆಡಳಿತವನ್ನು ಸೇನೆ ಕಿತ್ತುಕೊಂಡಾಗ, ತಾಯ್ನಾಡು ಬಿಟ್ಟು ಫ್ರಾನ್ಸ್ ಸೇರಿದವರಲ್ಲಿ ಚಿತ್ರನಿರ್ದೇಶಕ ರೌಲ್ ರೂಯಿಜ್ ಒಬ್ಬರು. ಕೆಲವೇ ವರ್ಷಗಳಲ್ಲಿ ಅವರು ಫ್ರೆಂಚ್ ಭಾಷೆಯಲ್ಲಿ ಒಂದು ಕಪ್ಪುಬಿಳುಪು ಸಿನಿಮಾ ಮಾಡಿದರು. 'ಕಳುವಾದ ಚಿತ್ರದ ಊಹೆ' ಎಂದು ಅದರ ಹೆಸರು. ಪತ್ತೇದಾರಿ ಕತೆಯೇ ಸರಿ, ಆದರೆ ಇದರಲ್ಲಿ ಪತ್ತೆ ಹಚ್ಚುವವರು ಪೊಲೀಸರಲ್ಲ.

ಸಿನಿಮಾದಲ್ಲಿ ಒಬ್ಬ ಕಲಾಸಂಗ್ರಾಹಕನ ಬಳಿ ಟೊನೇರ್ ಎಂಬ ಕಲ್ಪಿತ ಕಲಾವಿದನ ಆರು ವರ್ಣಚಿತ್ರಗಳಿವೆ. ಏಳನೆಯದೊಂದಿತ್ತು, ಅದು ಕಳುವಾಗಿದೆ, ಅದಿಲ್ಲದೆ ಉಳಿದವುಗಳ ಗುಟ್ಟು ಬಿಡಿಸಲಾಗದು ಎಂಬುದು ಅವನ ವಾದ. ಚಿತ್ರಗಳಲ್ಲಿರುವ ಭಂಗಿಗಳಲ್ಲೇ ಜೀವಂತ ಮನುಷ್ಯರನ್ನು ನಿಲ್ಲಿಸಿ, ಅವರ ನಡುವೆ ಓಡಾಡುತ್ತಾ ವಿವರಿಸುತ್ತಾನೆ. ಒಂದು ಚಿತ್ರದ ಕನ್ನಡಿಯಿಂದ ಹೊರಟ ಬೆಳಕು ಇನ್ನೊಂದಕ್ಕೆ ದಾರಿ ತೋರುತ್ತದೆ ಎನ್ನುತ್ತಾನೆ. ತೆರೆಯ ಮೇಲೆ ಕಾಣದ ನಿರೂಪಕನೊಬ್ಬ ನಡುನಡುವೆ ಪ್ರಶ್ನೆ ಎತ್ತುತ್ತಾನೆ. ಏಳನೆಯ ಚಿತ್ರ ಮಾತ್ರ ನಮಗೆ ಕಾಣಿಸುವುದೇ ಇಲ್ಲ.

ಕಾಣದಿದ್ದುದರ ಮೇಲೆ ಎಂಥ ಭವ್ಯ ವಿವರಣೆ! ನಿತ್ಯದ ಬದುಕಿನಲ್ಲಿ ನಾವು ಮಾಡುವುದೂ ಅದನ್ನೇ. ಎದುರಿಗಿದ್ದವರು ಆಡಿದ್ದು ನಾಲ್ಕು ಮಾತು. ಆಡದೇ ಬಿಟ್ಟದ್ದನ್ನು ನಾವೇ ಊಹಿಸಿ, ಅದಕ್ಕೊಂದು ಅರ್ಥ ಕಟ್ಟಿ, ಅದೇ ನಿಜವೆಂದು ನಂಬಿಬಿಡುತ್ತೇವೆ. ಊಹಿಸುವುದು ತಪ್ಪಲ್ಲ. ಊಹೆಯಿಲ್ಲದೆ ಕಲೆಯೂ ಇಲ್ಲ, ಸ್ನೇಹವೂ ಇಲ್ಲ. ಆದರೆ ಊಹೆಯನ್ನು ತೀರ್ಪು ಎಂದುಕೊಂಡರೆ ಮನಸ್ಸುಗಳು ಮುರಿಯುತ್ತವೆ.

ಹಾಗಾಗಿ ಇಂದು ಯಾರ ಬಗ್ಗೆಯಾದರೂ ತೀರ್ಮಾನಕ್ಕೆ ಬರುವ ಮುನ್ನ ಒಮ್ಮೆ ಕೇಳಿಕೊಳ್ಳೋಣ: ನಾನು ಕಂಡದ್ದೆಷ್ಟು, ಕಟ್ಟಿಕೊಂಡದ್ದೆಷ್ಟು?