ರನ್‌ವೇ ತುದಿಯ ಜಾಗ

ರಾಯಚೂರು, ದೇವದುರ್ಗ, ಮಾನ್ವಿಯಿಂದ ಮಕ್ಕಳು ಮಾದರಿಗಳನ್ನು ಹೊತ್ತು ತಂದಿದ್ದಾರೆ. ಈ ವಿಜ್ಞಾನ ಪ್ರದರ್ಶನದಲ್ಲಿ ಮಣ್ಣು, ನೀರು, ವಿದ್ಯುತ್ತು ಎಲ್ಲವೂ ಇವೆ. ನನಗೆ ಗೊತ್ತಿರುವುದು ವಿಮಾನ. ಅದನ್ನೇ ಮಾತಾಡುತ್ತೇನೆ.

1990ರ ಫೆಬ್ರುವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320, ಬೆಂಗಳೂರಿನ ಹಳೇ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿತ್ತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು. ನಾನು ಆಗಷ್ಟೇ ವಿಮಾನ ನಿರ್ವಹಣೆಯ ಕೆಲಸಕ್ಕೆ ಸೇರಿದ್ದೆ. ರಜೆಗೆ ಬಂದಾಗ ಮಾನ್ವಿ ಬಸ್ಸಿನಲ್ಲಿ ಪಕ್ಕದವರು ಕೇಳಿದರು: “ಯಾವ ಸರ್ಕಾರ ತಗೊಂಡ ವಿಮಾನರೀ ಅದು?” ಕೊಂಡದ್ದು ರಾಜೀವ್ ಗಾಂಧಿ ಕಾಲದಲ್ಲಿ. ಬಿದ್ದಾಗ ವಿ.ಪಿ. ಸಿಂಗ್ ಸರ್ಕಾರಕ್ಕೆ ಮೂರು ತಿಂಗಳೂ ತುಂಬಿರಲಿಲ್ಲ. ಆ ಮಾದರಿಯ ವಿಮಾನಗಳನ್ನೆಲ್ಲ ತಿಂಗಳುಗಟ್ಟಲೆ ನಿಲ್ಲಿಸಿದರು, ಖರೀದಿಯ ಜಗಳ ಜೋರಾಯಿತು. ತನಿಖೆ ಹೇಳಿದ್ದು ಬೇರೆ: ವೇಗವೂ ಎತ್ತರವೂ ಇಳಿಯುತ್ತಿದ್ದದ್ದಕ್ಕೆ ಪೈಲಟ್‌ಗಳು ಸಕಾಲಕ್ಕೆ ಎಚ್ಚೆತ್ತಿರಲಿಲ್ಲ. ಅವರ ತರಬೇತಿಯ ಬಗ್ಗೆ ಆ ಬಸ್ಸಿನಲ್ಲಿ ಯಾರೂ ಕೇಳಲಿಲ್ಲ.

ಸರ್ಕಾರಗಳ ಜಗಳದಲ್ಲಿ ಸುರಕ್ಷತೆಯ ಪ್ರಶ್ನೆ ಮರೆಯಾಗುವುದೇ ನನ್ನ ಕಳವಳ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿದ ವಿಮಾನದಲ್ಲಿ 158 ಜನ ಸತ್ತರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ತನಿಖಾ ಮಂಡಳಿ ಸ್ವತಂತ್ರ ಸುರಕ್ಷತಾ ಮಂಡಳಿ ಬೇಕೆಂದಿತು. 2012ರಲ್ಲಿ ಅಪಘಾತ ತನಿಖಾ ಸಂಸ್ಥೆಯೇನೋ ಹುಟ್ಟಿತು, ಆದರೆ ಇಂದಿಗೂ ಅದು ವಿಮಾನಯಾನ ಸಚಿವಾಲಯದ ಅಡಿಯಲ್ಲೇ ಇದೆ. ವಿಮಾನ ಹಾರಲು ಅಪ್ಪಣೆ ಕೊಡುವ ಮಹಾನಿರ್ದೇಶನಾಲಯದ ಮೇಲಿರುವುದೂ ಅದೇ ಸಚಿವಾಲಯ. ತನಿಖೆ ಮಾಡುವವರು ನೇರವಾಗಿ ಸಂಸತ್ತಿಗೆ ಉತ್ತರ ಕೊಡುವಂತಾಗಬೇಕು. ಮಂತ್ರಿ ಬದಲಾದರೂ ಕಡತ ಬದಲಾಗಬಾರದು.

ಸರ್ಕಾರ ಗಟ್ಟಿಯಾಗಿದ್ದರಷ್ಟೇ ಸಾಲದು, ಸುರಕ್ಷತೆ ಪರೀಕ್ಷಿಸುವ ಜನವೂ ಬೇಕು. 2014ರ ಜನವರಿಯಲ್ಲಿ ಅಮೆರಿಕ ನಮ್ಮ ಸುರಕ್ಷತಾ ದರ್ಜೆಯನ್ನು ಇಳಿಸಿತು. ಮಹಾನಿರ್ದೇಶನಾಲಯದಲ್ಲಿ ಪರೀಕ್ಷಕರೇ ಸಾಕಷ್ಟಿರಲಿಲ್ಲವೆಂಬುದು ದೊಡ್ಡ ಕಾರಣ. ಹುದ್ದೆ ತುಂಬಿದ ಮೇಲೆ, 2015ರ ಏಪ್ರಿಲ್‌ನಲ್ಲಿ ದರ್ಜೆ ಮರಳಿತು.

ನಮ್ಮ ಕಡೆಯದನ್ನೇ ನೋಡಿ. ಕಲಬುರಗಿ ನಿಲ್ದಾಣಕ್ಕೆ 2008ರಲ್ಲಿ ಅಡಿಗಲ್ಲು, 2019ರ ನವೆಂಬರ್‌ನಲ್ಲಿ ಉದ್ಘಾಟನೆ. ನಡುವೆ ಎಷ್ಟು ಮುಖ್ಯಮಂತ್ರಿಗಳು ಬಂದು ಹೋದರೆಂಬುದು ನಿಮಗೇ ಗೊತ್ತು. ಈಗ ನಮ್ಮ ರಾಯಚೂರಿನ ಯರಮರಸ್ ನಿಲ್ದಾಣದ ಮಾತು. ವಿಮಾನ ಯಾವಾಗ ಇಳಿಯುತ್ತದೆ ಎಂದು ಎಲ್ಲರೂ ಕೇಳುತ್ತೀರಿ. ರನ್‌ವೇ ತುದಿಯಲ್ಲಿ ಸುರಕ್ಷತೆಗೆ ಎಷ್ಟು ಜಾಗ ಬಿಡುತ್ತಾರೆಂದೂ ಕೇಳಿ. ಅಂತರರಾಷ್ಟ್ರೀಯ ನಿಯಮದಲ್ಲಿ ಕನಿಷ್ಠ 90 ಮೀಟರ್, ಶಿಫಾರಸು 240 ಮೀಟರ್. ಬಜ್ಪೆಯಲ್ಲಿ ಇದ್ದದ್ದು 90. ಯರಮರಸ್‌ನಲ್ಲಿ 240 ಬೇಕೆಂದು ಇಂದೇ ಅರ್ಜಿ ಬರೆಯಿರಿ, ಮೊದಲ ಸಹಿ ನನ್ನದು.

ಪ್ರದರ್ಶನ ಉದ್ಘಾಟಿಸಿದ್ದೇನೆ. ಒಳಗೆ ಬನ್ನಿ.