ಕುಲಪತಿಯಾದ ಕಾನೂನಿನ ಮೇಷ್ಟ್ರು



ಕೋಲಾರದ ಚಿನ್ನದ ಗಣಿಗಳು 2001ನೆಯ ಇಸವಿ ಫೆಬ್ರವರಿ 28ರಂದು ಮುಚ್ಚಿದವು. ಆ ವರ್ಷದ ಬೇಸಗೆಯ ಒಂದು ಸಂಜೆ ಆಂಡರ್ಸನ್‌ಪೇಟೆಯ ನನ್ನ ಮನೆಯ ಬಾಗಿಲಿಗೆ ಒಬ್ಬ ಗಣಿ ಕಾರ್ಮಿಕರು ಬಂದರು. ಅವರ ಮಗ ನನ್ನ ವಿದ್ಯಾರ್ಥಿ. ಅವರ ಕೈಯಲ್ಲಿ ನಾಲ್ಕಾಗಿ ಮಡಿಸಿದ ಒಂದು ಇಂಗ್ಲಿಷ್ ಕಾಗದವಿತ್ತು. "ಸಾರ್, ಇದಕ್ಕೆ ಸಹಿ ಹಾಕಬಹುದಾ ನೋಡಿ ಹೇಳಿ" ಎಂದರು, ತಮಿಳು ಬೆರೆತ ಕನ್ನಡದಲ್ಲಿ. ನಾನು ಎರಡು ಸಲ ಓದಿದೆ. ಪದಗಳೆಲ್ಲ ತಿಳಿದವು, ಸಹಿ ಹಾಕಿದರೆ ಅವರ ಹಕ್ಕು ಉಳಿಯುತ್ತದೆಯೋ ಹೋಗುತ್ತದೆಯೋ ಎಂಬುದು ಮಾತ್ರ ತಿಳಿಯಲಿಲ್ಲ. "ವಕೀಲರ ಹತ್ತಿರ ಹೋಗಿ" ಎಂದೆ. ಅವರು ನಕ್ಕು, "ಅಲ್ಲಿಗೆ ಹೋಗೋಕೆ ದುಡ್ಡು ಬೇಕಲ್ಲ ಸಾರ್, ಅದಕ್ಕೇ ಮೇಷ್ಟ್ರ ಹತ್ತಿರ ಬಂದೆ" ಎಂದು ಕಾಗದವನ್ನು ಮತ್ತೆ ನಾಲ್ಕಾಗಿ ಮಡಿಸಿದರು.

ಇಂದು ನಾನು ಮಾತನಾಡಬೇಕೆಂದಿರುವ ವ್ಯಕ್ತಿಗೂ ಆ ಮಡಿಸಿದ ಕಾಗದಕ್ಕೂ ಸಂಬಂಧವುಂಟು. ಅವರು ಪ್ರೊಫೆಸರ್ ಎನ್. ಆರ್. ಮಾಧವ ಮೆನನ್, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲನ್ನು ಕಟ್ಟಿದವರು.

ಮೆನನ್ ಹುಟ್ಟಿದ್ದು 1935ರಲ್ಲಿ, ತಿರುವನಂತಪುರದಲ್ಲಿ. ಕಾನೂನು ಓದಿ, ಕೇರಳದಲ್ಲಿ ವಕೀಲರಾಗಿ ಹೆಸರು ನೋಂದಾಯಿಸಿಕೊಂಡವರು ಹೆಚ್ಚು ಕಾಲ ಅಲ್ಲಿ ನಿಲ್ಲಲಿಲ್ಲ. ಉತ್ತರಕ್ಕೆ ಹೋಗಿ, ಅಲೀಗಢದ ವಿಶ್ವವಿದ್ಯಾನಿಲಯದಲ್ಲಿ ಕಾನೂನಿನ ಉನ್ನತ ವ್ಯಾಸಂಗ ಮಾಡಿ ಡಾಕ್ಟರೇಟ್ ಪಡೆದು, ಅಲ್ಲಿಯೂ ಆಮೇಲೆ ದೆಹಲಿ ವಿಶ್ವವಿದ್ಯಾನಿಲಯದಲ್ಲಿಯೂ ಅಧ್ಯಾಪಕರಾದರು. ದೆಹಲಿಯಲ್ಲಿದ್ದಾಗ ಅವರು ವಿದ್ಯಾರ್ಥಿಗಳನ್ನು ಬಡವರಿಗೆ ಕಾನೂನು ನೆರವು ನೀಡುವ ಕೆಲಸಕ್ಕೆ ಹಚ್ಚಿದರು. ವೈದ್ಯ ವಿದ್ಯಾರ್ಥಿ ರೋಗಿಯ ಹಾಸಿಗೆಯ ಬಳಿ ನಿಂತು ಕಲಿಯುವುದಾದರೆ, ಕಾನೂನಿನ ವಿದ್ಯಾರ್ಥಿ ಕಕ್ಷಿಗಾರನ ಮುಖವನ್ನೇ ನೋಡದೆ ಪದವಿ ಪಡೆಯುವುದು ಹೇಗೆ? ಅವರ ಜೀವನದ ಕೆಲಸವೆಲ್ಲ ಈ ಒಂದು ಪ್ರಶ್ನೆಯಿಂದ ಬೆಳೆದದ್ದೆಂದು ನನಗೆ ತೋರುತ್ತದೆ.

ಅಂದಿನ ಕಾನೂನು ಶಿಕ್ಷಣದ ಸ್ಥಿತಿ ನನ್ನ ವಯಸ್ಸಿನವರಿಗೆ ನೆನಪಿರಬಹುದು. ಬೇರೆ ಯಾವುದಕ್ಕೂ ಸೀಟು ಸಿಗದವರು, ಹಗಲು ಗುಮಾಸ್ತಗಿರಿ ಮಾಡುವವರು ಸಂಜೆಯ ತರಗತಿಗೆ ಬಂದು ಹಾಜರಿ ಹಾಕಿಸಿಕೊಂಡು, ಅಧ್ಯಾಪಕರು ಹೇಳಿದ ನೋಟ್ಸನ್ನು ಬರೆದುಕೊಂಡು, ಪರೀಕ್ಷೆಯ ಮುನ್ನಾದಿನ ಗೈಡು ತಿರುವಿಹಾಕಿ ವಕೀಲರಾಗುತ್ತಿದ್ದರು. ಅವರಲ್ಲಿ ಸ್ವಂತ ಪರಿಶ್ರಮದಿಂದ ದೊಡ್ಡವರಾದವರು ಹಲವರಿದ್ದಾರೆ. ಆ ಕೀರ್ತಿ ಅವರದು, ಶಿಕ್ಷಣದ್ದಲ್ಲ. ಈ ಸ್ಥಿತಿಯನ್ನು ಬದಲಿಸಲು ಭಾರತೀಯ ವಕೀಲರ ಪರಿಷತ್ತು ಒಂದು ಮಾದರಿ ಸಂಸ್ಥೆ ಬೇಕೆಂದು ಬಯಸಿತು. ಅದಕ್ಕೆ ಇಂಬು ಕೊಟ್ಟದ್ದು ಕರ್ನಾಟಕ. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, 1986ರಲ್ಲಿ, ನಮ್ಮ ಶಾಸನಸಭೆ ಇದಕ್ಕಾಗಿಯೇ ಪ್ರತ್ಯೇಕ ಅಧಿನಿಯಮವನ್ನು ಮಾಡಿತು. ಅಲ್ಲಿಯವರೆಗೆ ಕಾನೂನು ಯಾವುದೋ ವಿಶ್ವವಿದ್ಯಾನಿಲಯದ ಒಂದು ವಿಭಾಗ. ಈಗ ಕಾನೂನಿಗೇ ಒಂದು ವಿಶ್ವವಿದ್ಯಾನಿಲಯವಾಯಿತು. ಅದರ ಮೊದಲ ಮುಖ್ಯಸ್ಥರಾಗಿ ಮೆನನ್ ಬಂದರು. ಅಂದು ಆ ಹುದ್ದೆಗೆ ನಿರ್ದೇಶಕರೆಂದು ಹೆಸರು, ಕೆಲಸ ಕುಲಪತಿಯದು.

ಸ್ವಂತ ಕಟ್ಟಡವಿರಲಿಲ್ಲ. ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ದೊರೆತ ಕೊಠಡಿಗಳಲ್ಲಿ 1988ರ ಜುಲೈನಲ್ಲಿ ಮೊದಲ ತಂಡದ ಪಾಠ ಆರಂಭವಾಯಿತು. ನಾಗರಬಾವಿಯ ಆವರಣ ಬಂದದ್ದು ಅನಂತರ. ಪಿಯುಸಿ ಮುಗಿಸಿದ ಮಕ್ಕಳಿಗೆ ಐದು ವರ್ಷದ ಶಿಕ್ಷಣ. ಕಾನೂನಿನ ಜೊತೆಗೆ ಚರಿತ್ರೆ, ಅರ್ಥಶಾಸ್ತ್ರ, ಸಮಾಜಶಾಸ್ತ್ರ. ವರ್ಷಕ್ಕೆ ಮೂರು ಅವಧಿ. ನೋಟ್ಸ್ ಹೇಳಿ ಬರೆಸುವ ಬದಲು ಮೊಕದ್ದಮೆಯನ್ನು ಮುಂದಿಟ್ಟು ಪ್ರಶ್ನೆ ಕೇಳುವ ಪಾಠಕ್ರಮ. ಕಾನೂನು ನೆರವಿನ ಕೆಲಸದಲ್ಲಿ ತರಬೇತಿ. ಇಂದು ಸಾಮಾನ್ಯವೆನಿಸುವ ಈ ವ್ಯವಸ್ಥೆ ಅಂದು ಸಾಹಸವಾಗಿತ್ತು. ಮೊದಲ ತಂಡ 1993ರಲ್ಲಿ ಹೊರಬಂತು. ಹನ್ನೆರಡು ವರ್ಷ ಇಲ್ಲಿ ದುಡಿದು 1998ರಲ್ಲಿ ಮೆನನ್ ಹೊರಟಾಗ, ಅವರನ್ನು ಕರೆದದ್ದು ಕಲ್ಕತ್ತ. ಅಲ್ಲಿಯೂ ಅಂಥದೇ ವಿಶ್ವವಿದ್ಯಾನಿಲಯವನ್ನು ಕಟ್ಟಿ ಅದರ ಮೊದಲ ಕುಲಪತಿಯಾದರು. 2003ರಿಂದ ಮೂರು ವರ್ಷ ಭೋಪಾಲದಲ್ಲಿ ನ್ಯಾಯಾಧೀಶರಿಗೇ ಪಾಠ ಹೇಳುವ ರಾಷ್ಟ್ರೀಯ ಅಕಾಡೆಮಿಯ ನಿರ್ದೇಶಕರಾಗಿದ್ದರು. 2019ರ ಮೇ 8ರಂದು ತಿರುವನಂತಪುರದಲ್ಲಿ ತೀರಿಕೊಂಡರು. ಅವರು ಬೆಂಗಳೂರಿನಲ್ಲಿ ನೆಟ್ಟ ಮಾದರಿಯ ವಿಶ್ವವಿದ್ಯಾನಿಲಯಗಳು ಇಂದು ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚಿವೆ.

ನಮ್ಮ ಹಳೆಯ ಗ್ರಂಥಗಳಲ್ಲಿ ಕುಲಪತಿ ಎಂಬ ಮಾತಿಗೆ ಒಂದು ಲಕ್ಷಣವುಂಟು: ಹತ್ತು ಸಾವಿರ ಮಂದಿಗೆ ಅನ್ನವಿಟ್ಟು ಪಾಠ ಹೇಳುವವನು ಕುಲಪತಿ. ಇಲ್ಲಿ ಪಾಠಕ್ಕಿಂತ ಮೊದಲು ಅನ್ನ ಬಂದಿರುವುದನ್ನು ಗಮನಿಸಬೇಕು. ಯಾರ ಮಕ್ಕಳಿಗೆ ಆ ಮನೆಯಲ್ಲಿ ಎಲೆ ಹಾಕಿದೆ ಎಂಬುದು ಮುಖ್ಯವಾದ ಪ್ರಶ್ನೆ.

ಈ ಪ್ರಶ್ನೆಗೆ ಬಂದಾಗ ಸಂತೋಷದ ಜೊತೆಗೆ ಕೊರಗೂ ಇದೆ. ಲಾ ಸ್ಕೂಲಿನಲ್ಲಿ ಓದಿದ ಪ್ರತಿಭಾವಂತರಲ್ಲಿ ಬಹುಮಂದಿ ದೊಡ್ಡ ಕಂಪನಿಗಳ, ದೊಡ್ಡ ವಕೀಲಿ ಸಂಸ್ಥೆಗಳ ಕಡೆಗೆ ನಡೆದರು. ತಾಲ್ಲೂಕು ಕೋರ್ಟಿನ ಮೆಟ್ಟಿಲು ಹತ್ತಿದವರು ಕಡಮೆ. ಮೆನನ್ ಅವರಿಗೇ ಈ ವ್ಯಥೆಯಿತ್ತು. ಅದನ್ನು ಅವರು ಬಚ್ಚಿಡಲಿಲ್ಲ. ಇನ್ನೊಂದು ತೊಡಕು ಭಾಷೆಯದು. ಈ ವಿಶ್ವವಿದ್ಯಾನಿಲಯಗಳಿಗೆ 2008ರಿಂದ ನಡೆಯುತ್ತಿರುವ ಸಾಮಾನ್ಯ ಪ್ರವೇಶ ಪರೀಕ್ಷೆ ಇಂಗ್ಲಿಷಿನದು. ನಮ್ಮ ಕೆಳ ನ್ಯಾಯಾಲಯಗಳ ಭಾಷೆಯಾದರೋ ಕನ್ನಡ. ಕನ್ನಡದಲ್ಲಿ ಕಾನೂನು ಹೇಳಲಾಗದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ವಕೀಲ, ಅರ್ಜಿ, ಜಾಮೀನು, ತಕರಾರು, ಕಾನೂನು ಇವೆಲ್ಲ ಅರಬ್ಬಿ ಪಾರಸಿಗಳ ಕಡೆಯಿಂದ ಬಂದು, ಇಂದು ಹಳ್ಳಿಯ ಅಜ್ಜಿಯ ಬಾಯಲ್ಲೂ ಸಲೀಸಾಗಿ ಆಡುತ್ತಿವೆ. ಇಷ್ಟನ್ನು ಅರಗಿಸಿಕೊಂಡ ಭಾಷೆ ಮಿಕ್ಕದ್ದನ್ನೂ ಅರಗಿಸಿಕೊಂಡೀತು.

ಹಾಗೆಂದು ಮರವನ್ನೇ ಹಳಿಯುವುದು ನ್ಯಾಯವಲ್ಲ. ಆ ಲಾ ಸ್ಕೂಲಿನಲ್ಲಿಯೇ ಓದಿದ ಶಮ್ನಾದ್ ಬಷೀರರು, ಬಡ ಮಕ್ಕಳನ್ನು ಹುಡುಕಿ ಪ್ರವೇಶ ಪರೀಕ್ಷೆಗೆ ಸಿದ್ಧಗೊಳಿಸುವ ಐಡಿಯಾ ಎಂಬ ಸಂಸ್ಥೆಯನ್ನು 2010ರಲ್ಲಿ ಆರಂಭಿಸಿದರು. ಗುರು ತೀರಿಕೊಂಡ ವರ್ಷವೇ, ಇನ್ನೂ ನಡುವಯಸ್ಸಿನಲ್ಲಿ, ಅವರೂ ತೀರಿಕೊಂಡರು; ಸಂಸ್ಥೆ ಉಳಿದಿದೆ. ಕಾನೂನು ಓದಿದವನು ಕಾರ್ಮಿಕರ ನಡುವೆ ನಿಲ್ಲುವುದು ನಮ್ಮ ಸೀಮೆಗೆ ಹೊಸದೂ ಅಲ್ಲ. ಮೈಸೂರಿನ ಮೊದಲ ಮುಖ್ಯಮಂತ್ರಿಗಳಾದ ಕೆ. ಚೆಂಗಲರಾಯ ರೆಡ್ಡಿಯವರು ಇಲ್ಲಿಯ ಕ್ಯಾಸಂಬಳ್ಳಿಯವರು, ಕಾನೂನು ಪದವೀಧರರು, ಗಣಿ ಕಾರ್ಮಿಕರ ಸಂಘಟನೆಯಲ್ಲಿ ದುಡಿದವರು.

ಇನ್ನು ಆ ಮಡಿಸಿದ ಕಾಗದದ ವಿಷಯ. ಮೆನನ್ ಅವರ ಬಗ್ಗೆ ಓದುತ್ತ ಕಾನೂನು ನೆರವಿನ ಚರಿತ್ರೆಯನ್ನೂ ಓದಬೇಕಾಯಿತು. ಬಡವರಿಗೆ ಉಚಿತ ಕಾನೂನು ನೆರವು ದೊರೆಯಬೇಕೆಂಬ ತತ್ವ 1976ರಲ್ಲಿ ಸಂವಿಧಾನಕ್ಕೆ ಸೇರಿತು. ಅದಕ್ಕಾಗಿ 1987ರಲ್ಲಿ ಆದ ಅಧಿನಿಯಮ 1995ರಲ್ಲಿ ಜಾರಿಗೆ ಬಂತು. ಅದರ ಹನ್ನೆರಡನೆಯ ಪ್ರಕರಣದಲ್ಲಿ, ಯಾರಾರು ಈ ನೆರವಿಗೆ ಅರ್ಹರೆಂಬ ಪಟ್ಟಿಯಿದೆ: ಹೆಂಗಸರು, ಮಕ್ಕಳು, ಪರಿಶಿಷ್ಟರು, ಹೀಗೆ. ಆ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕನೂ ಇದ್ದಾನೆ. ಎಂದರೆ, 2001ರ ಆ ಸಂಜೆ ನನ್ನ ಬಾಗಿಲಲ್ಲಿ ನಿಂತವರಿಗೆ ವಕೀಲರನ್ನು ದುಡ್ಡಿಲ್ಲದೆ ಪಡೆಯಲು ದಾರಿಯಿತ್ತು. ಅವರಿಗೆ ಅದು ಗೊತ್ತಿರಲಿಲ್ಲ. ಅವರ ಮಗನಿಗೆ ಪಾಠ ಹೇಳುತ್ತಿದ್ದ ನನಗೂ ಗೊತ್ತಿರಲಿಲ್ಲ. ಅವರು ಸಹಿ ಹಾಕಿದರೋ ಇಲ್ಲವೋ ಎಂದು ಮರುದಿನವಾದರೂ ಹೋಗಿ ವಿಚಾರಿಸಬೇಕಾಗಿತ್ತು, ವಿಚಾರಿಸಲಿಲ್ಲ. ಅಷ್ಟರಲ್ಲಿ ಊರಿನ ಎಷ್ಟೋ ಜನ ಮಾರಿಕುಪ್ಪದ ರೈಲು ಹಿಡಿದು ದಿನವೂ ಬೆಂಗಳೂರಿಗೆ ದುಡಿಯಲು ಹೋಗತೊಡಗಿದ್ದರು.

ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಬೇಕಾದವನ ಬಾಗಿಲಿಗೆ ಅದನ್ನು ಮುಟ್ಟಿಸುವ ಕೈ ಬೇಕು. ಅಂಥ ಕೈಗಳನ್ನು ತಯಾರು ಮಾಡುವುದಕ್ಕೇ ಮೆನನ್ ಕುಲಪತಿಯಾದದ್ದು. ಪದ್ಮ ಪ್ರಶಸ್ತಿಗಳು ಬಂದವು. ಒಂದು ಇದ್ದಾಗ, ಇನ್ನೊಂದು ಹೋದ ಮೇಲೆ. ಆದರೆ ಅವರ ನೆನಪುಗಳ ಪುಸ್ತಕದ ಹೆಸರಿನಲ್ಲಿ ಕಾಣುವುದು ಕುಲಪತಿಯೆಂಬ ಪದವಲ್ಲ. ಕಾನೂನಿನ ಅಧ್ಯಾಪಕನೊಬ್ಬನ ಕಥೆ ಎಂದಷ್ಟೇ ಅಲ್ಲಿದೆ. ನಮ್ಮ ಊರಿನ ಕೆಂಗಲ್ ಹನುಮಂತಯ್ಯ ಕಾನೂನು ಕಾಲೇಜಿನಲ್ಲಿ ಓದುವ ಮಕ್ಕಳು ಈ ಮಾತನ್ನು ಕೇಳುತ್ತಿದ್ದರೆ ಅವರಲ್ಲಿ ನನ್ನದೊಂದು ವಿನಂತಿ. ಮಡಿಸಿದ ಕಾಗದ ಹಿಡಿದು ಯಾರಾದರೂ ನಿಮ್ಮ ಬಾಗಿಲಿಗೆ ಬಂದರೆ, ಓದಿ ಹೇಳಿ ಕಳಿಸಿಬಿಡಬೇಡಿ. ಅವರ ಜೊತೆಯಲ್ಲಿ ಕೋರ್ಟಿನವರೆಗೆ ನಡೆಯಿರಿ.