ಮಗಳನ್ನು ಯಾವ ಊರಿಗೆ ಕೊಡೋಣ?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ತಿಪಟೂರು, ಅರಸೀಕೆರೆ, ಕಡೂರು, ಬೀರೂರು ಎಂದು ಒಂದೇ ರೈಲು ಹಳಿಯ ಊರುಗಳಲ್ಲಿ ನನ್ನ ನೌಕರಿಯೆಲ್ಲ ಕಳೆಯಿತು. ಅದಕ್ಕೇ ಇರಬೇಕು, ಮದುವೆ ವಯಸ್ಸಿನ ಮಗಳಿರುವ ತಾಯಂದಿರು ನನ್ನ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ: "ಮೇಡಂ, ಹುಡುಗೀನ ಬೆಂಗಳೂರಿಗೆ ಕೊಡೋಣವೋ, ಇಲ್ಲೇ ಹತ್ತಿರದಲ್ಲಿ ಕೊಡೋಣವೋ?" ಹುಡುಗಿ ಏನು ಹೇಳುತ್ತಾಳೆ ಎಂದು ನಾನು ತಿರುಗಿ ಕೇಳಿದರೆ ಅವರಿಗೆ ಆಶ್ಚರ್ಯ. ಇರಲಿ, ಇವತ್ತು ಅವರ ಪ್ರಶ್ನೆಯನ್ನೇ ಹಿಡಿದು ಮಾತನಾಡುತ್ತೇನೆ.

ಹತ್ತಿರ ಕೊಟ್ಟರೆ ಮಗಳು ಕಣ್ಣ ಮುಂದೆ ಇರುತ್ತಾಳೆ ಎನ್ನುತ್ತೇವೆ. ಸುಳ್ಳಲ್ಲ. ಸಣ್ಣ ಊರಿನಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ಏಟಿನ ಸದ್ದು ಪಕ್ಕದ ಮನೆಗೆ ಕೇಳುತ್ತದೆ. ಹೂವಿನವಳು, ಹಾಲಿನವನು, ಅಂಗನವಾಡಿ ಟೀಚರು ಎಲ್ಲರಿಗೂ ಆ ಮನೆಯ ಸೊಸೆ ಗೊತ್ತು. ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಇದ್ದಳು, ಹೆಸರು ಬೇಡ. ಅವಳ ಕಷ್ಟ ಮೊದಲು ತಿಳಿದದ್ದು ರವಿಕೆ ಹೊಲಿಯುವಾಕೆಗೆ. ಬೇಸಿಗೆಯಲ್ಲಿ ಬಂದು "ತೋಳು ಮೊಣಕೈ ದಾಟಿ ಇಡಿ" ಎಂದಳಂತೆ. ಅಳತೆ ತೆಗೆಯುವಾಗ ತೋಳಿನ ಮೇಲಿನ ಬಾಸುಂಡೆ ಕಂಡಿತು.

ಆದರೆ ಊರಿಗೆ ಗೊತ್ತಿರುವುದು ಬೇರೆ, ಊರು ಬಾಯಿ ಬಿಡುವುದು ಬೇರೆ. ಆ ಬೀದಿಗೆಲ್ಲ ಎರಡು ವರ್ಷ ವಿಷಯ ಗೊತ್ತಿತ್ತು. ಮಾವ ದೇವಸ್ಥಾನದ ಕಮಿಟಿಯಲ್ಲಿದ್ದವರು, ಅರ್ಧ ಬೀದಿಗೆ ಕೈಸಾಲ ಕೊಟ್ಟವರು. ಯಾರು ಮಾತಾಡುತ್ತಾರೆ? ಆ ಹುಡುಗಿ ಒಮ್ಮೆ ವಕೀಲರನ್ನು ಹುಡುಕಿದಳು. ಒಬ್ಬರು ಗಂಡನ ಕಡೆಯ ನೆಂಟರು, ಇನ್ನೊಬ್ಬರು ಗಂಡನ ಜೊತೆ ದಿನಾ ಶಟ್ಲ್ ಆಡುವವರು. ಅವಳು ಮನೆಗೆ ಮರಳುವ ಹೊತ್ತಿಗೆ ಅವಳು ಹೋಗಿ ಬಂದ ಸುದ್ದಿ ಅವಳಿಗಿಂತ ಮೊದಲು ಮನೆ ಸೇರಿತ್ತು.

ವರದಕ್ಷಿಣೆಯ ವಿಷಯದಲ್ಲೂ ಹೀಗೇ. 1961ರಿಂದ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಆದರೂ ನಮ್ಮ ಊರುಗಳಲ್ಲಿ ಬೀರು, ಮಂಚ, ಫ್ರಿಜ್ಜು ಟೆಂಪೋದಲ್ಲಿ ಪೇಟೆ ಬೀದಿಯಲ್ಲೇ ಹೋಗುತ್ತವೆ, ಜನ ನಿಂತು ಲೆಕ್ಕ ಹಾಕುತ್ತಾರೆ. ಆ ಲೆಕ್ಕವೇ ಮುಂದಿನ ಮನೆಯ ಹುಡುಗಿಯ ಅಪ್ಪನಿಗೆ ದರಪಟ್ಟಿ. ಮರುವರ್ಷ ತಕರಾರು ಬಂದು ಠಾಣೆಗೆ ಹೋದಾಗ ಮಾತ್ರ ಟೆಂಪೋ ನೋಡಿದವರು ಒಬ್ಬರೂ ಇರುವುದಿಲ್ಲ!

ಬೆಂಗಳೂರು ಹೇಗೆ? ಅಲ್ಲಿ ಬಾಗಿಲು ಹಾಕಿದರೆ ಮುಗಿಯಿತು, ಎದುರು ಮನೆಯವರ ಹೆಸರೂ ಗೊತ್ತಿರುವುದಿಲ್ಲ. ಆದರೆ ಆ ಗುರುತಿಲ್ಲದಿರುವಿಕೆಯೇ ಮನೆ ಬಿಟ್ಟು ಬಂದವಳಿಗೆ ನೆರಳು. ಗಾರ್ಮೆಂಟ್ಸಿಗೋ ಅಂಗಡಿಗೋ ಕೆಲಸಕ್ಕೆ ಸೇರಿ, ಬೇರೆ ಬಡಾವಣೆಯಲ್ಲಿ ರೂಮು ಹಿಡಿದರೆ ಯಾರೂ ಏಕೆ ಎಂದು ಕೇಳುವುದಿಲ್ಲ. ನಮ್ಮಲ್ಲಿ ಬಾಡಿಗೆ ಕಡಿಮೆ ನಿಜ. ಆದರೆ ಒಂಟಿ ಹೆಂಗಸು ಮನೆ ಕೇಳಲು ಹೋದರೆ ಮೊದಲ ಪ್ರಶ್ನೆ "ಯಜಮಾನರು ಏನು ಮಾಡ್ತಾರೆ?" ಎಂಬುದು. ಆ ವಿದ್ಯಾರ್ಥಿನಿಗೆ ಆರು ಮನೆಗಳಲ್ಲಿ ಇಲ್ಲವೆಂದರು, ಕೊನೆಗೆ ಒಬ್ಬ ವಿಧವೆ ಅಜ್ಜಿ ಕೊಟ್ಟರು.

ಸಣ್ಣ ಊರಿನವರು ಮುಖ್ಯವಾಗಿ ತಿಳಿದಿರಬೇಕಾದದ್ದು ಒಂದಿದೆ. ಗಂಡನ ಊರಿನಲ್ಲೇ ದೂರು ಕೊಡಬೇಕು ಎಂದು ನಮ್ಮ ಹೆಂಗಸರು ನಂಬಿದ್ದಾರೆ. ಹಾಗಿಲ್ಲ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಅದರ ಪ್ರಕಾರ ನೀವು ಸದ್ಯಕ್ಕೆ ಎಲ್ಲಿ ಆಸರೆ ಪಡೆದಿದ್ದೀರೋ, ತವರಾಗಲಿ ಅಕ್ಕನ ಮನೆಯಾಗಲಿ, ಆ ಊರಿನ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ಗಂಡನ ಮನೆಯವರ ಕ್ರೌರ್ಯದ ಮೊಕದ್ದಮೆಯನ್ನೂ ಆಸರೆ ಪಡೆದ ಊರಿನಲ್ಲಿ ಹೂಡಬಹುದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಹಿಂದೆ 498ಎ ಎನ್ನುತ್ತಿದ್ದ ಆ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. ಅಂದಿನಿಂದಲೇ ಜಾರಿಯಲ್ಲಿರುವ ಹೊಸ ಕಾನೂನಿನಂತೆ, ಇಂಥ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯೂ ದೂರು ಬರೆದುಕೊಳ್ಳಬೇಕು. "ಇದು ನಮ್ಮ ವ್ಯಾಪ್ತಿಗೆ ಬರಲ್ಲಮ್ಮ" ಎನ್ನುವಂತಿಲ್ಲ.

ಕೋರ್ಟಿನ ಹೊರಗೆ ಅರ್ಧ ಊರು ನಿಂತಿರುತ್ತದೆ ಎಂಬ ಭಯ ನನಗೆ ಅರ್ಥವಾಗುತ್ತದೆ. 2005ರ ಕಾಯ್ದೆಯಡಿ ನೀವು ಕೇಳಿಕೊಂಡರೆ ವಿಚಾರಣೆಯನ್ನು ಮುಚ್ಚಿದ ಕೋಣೆಯಲ್ಲಿ ನಡೆಸಬಹುದು. ವಕೀಲರಿಗೆ ದುಡ್ಡಿಲ್ಲದಿದ್ದರೆ ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ. ಹೆಣ್ಣೆಂಬ ಕಾರಣಕ್ಕೇ ನೀವು ಅರ್ಹರು, ಆದಾಯದ ಸರ್ಟಿಫಿಕೇಟು ಬೇಕಿಲ್ಲ. ನಿಮಗೆಲ್ಲ ಗೊತ್ತಿರುವ ಸಿಡಿಪಿಓ, ಅಂಗನವಾಡಿಗಳ ಮೇಲಧಿಕಾರಿ, ಅವರೇ ಕರ್ನಾಟಕದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಆ ಕಚೇರಿಗೆ ಹೋದರೆ ಯಾರೂ ಹುಬ್ಬೇರಿಸುವುದಿಲ್ಲ, ಸಂಘದ ಕೆಲಸಕ್ಕೆ ಬಂದಿದ್ದಾಳೆ ಎಂದುಕೊಳ್ಳುತ್ತಾರೆ. ಸಣ್ಣ ಊರಿನಲ್ಲಿ ಇದು ದೊಡ್ಡ ಅನುಕೂಲ.

ಸಖಿ ಕೇಂದ್ರಗಳು ಜಿಲ್ಲಾ ಕೇಂದ್ರದಲ್ಲಿವೆ. ತಿಪಟೂರಿನವಳು ತುಮಕೂರಿಗೆ ಹೋಗಬೇಕು, ಅರಸೀಕೆರೆಯವಳು ಹಾಸನಕ್ಕೆ, ಕಡೂರಿನವಳು ಚಿಕ್ಕಮಗಳೂರಿಗೆ. ಮೊದಲೆಲ್ಲ ಬಸ್ ಚಾರ್ಜಿಗೂ ಗಂಡನನ್ನೇ ಕೇಳಬೇಕಿತ್ತು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗ ಹೆಂಗಸರು ಧರ್ಮಸ್ಥಳಕ್ಕೆ ಗುಂಪು ಕಟ್ಟಿದರೆಂದು ನಕ್ಕವರು ಬಹಳ. ಯಾರಲ್ಲೂ ಕೈಯೊಡ್ಡದೆ ಊರು ದಾಟಿದ ಹೆಂಗಸನ್ನು ನಾನು ಕಂಡಿದ್ದೇನೆ, ನನಗೆ ನಗು ಬರಲಿಲ್ಲ. ಗುರುತಿನ ಚೀಟಿಯನ್ನು ಮಾತ್ರ ಅತ್ತೆಯ ಬೀರುವಿನಲ್ಲಿ ಇಡಬೇಡಿ.

ಆ ವಿದ್ಯಾರ್ಥಿನಿ ಏನಾದಳು ಎಂದು ಕೇಳುತ್ತೀರಿ. ಹೊಲಿಯುವಾಕೆ ರವಿಕೆ ಕೊಡುವ ನೆಪದಲ್ಲಿ ಅವಳ ತಾಯಿಗೆ ಸುದ್ದಿ ಮುಟ್ಟಿಸಿದರು. ಮಗು ಎತ್ತಿಕೊಂಡು ತವರಿನ ಊರಿಗೆ ಬಂದಳು, ಅಲ್ಲೇ ಅರ್ಜಿ ಹಾಕಿದಳು. ಜೀವನಾಂಶದ ಆದೇಶ ಬರಲು ಕಾನೂನು ಹೇಳುವ 60 ದಿನ ಸಾಲಲಿಲ್ಲ, ವರ್ಷ ದಾಟಿತು. ತಾಯಿ ಇರುವ ಊರಾದ್ದರಿಂದ ಆ ವರ್ಷ ಕಳೆಯಿತು. ಬೆಂಗಳೂರಿನ ಬಾಡಿಗೆಯಲ್ಲಿ ಕಳೆಯುತ್ತಿರಲಿಲ್ಲ.

ಹಾಗಾಗಿ ಹತ್ತಿರ ಕೊಡಬೇಕೋ ದೂರ ಕೊಡಬೇಕೋ ಎಂದು ಕೇಳುವ ತಾಯಂದಿರನ್ನು ನಾನು ಈಗ ಬೇರೆ ಪ್ರಶ್ನೆ ಕೇಳುತ್ತೇನೆ: ಅವಳು ರಾತ್ರಿ ಹೊತ್ತು ಬಂದು ಬಾಗಿಲು ತಟ್ಟಿದರೆ ತೆಗೆಯುತ್ತೀರಾ? "ಹೊಂದಿಕೊಂಡು ಹೋಗು" ಎಂದು ಬೆಳಗಿನ ಬಸ್ಸಿಗೆ ಹತ್ತಿಸುತ್ತೀರಾ?

ನಿಮ್ಮ ವಾರದ ಸಭೆಯಲ್ಲಿ ಉಳಿತಾಯದ ಹಣ ಎಣಿಸುವ ಮೊದಲು ಯಾರು ಬಂದಿಲ್ಲ ಎಂದು ಎಣಿಸಿ. ಎರಡು ವಾರ ಬಾರದಿದ್ದರೆ ಇಬ್ಬರು ಅವಳ ಮನೆಗೆ ಹೋಗಿ, ಸಾಲದ ಕಂತಿನ ನೆಪ ಇದ್ದೇ ಇದೆ. 181 ಮಹಿಳಾ ಸಹಾಯವಾಣಿ, ತುರ್ತಿಗೆ 112. ಪಾಸ್‌ಬುಕ್ಕಿನ ಹಿಂದೆ ಬರೆದುಕೊಳ್ಳಿ. ಈಗ ನಿಮ್ಮ ಪ್ರಶ್ನೆಗಳು. ಇಲ್ಲಿ ಹೊಲಿಗೆ ಮಾಡುವವರು ಯಾರ್‍ಯಾರಿದ್ದೀರಿ? ನೀವೇ ಮೊದಲು ಮಾತಾಡಿ.